ಬೈದವಳ ಪಾಲು

ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿದರೆ ಹೊಸಬರು ಸೆರಗೋ ಕರ್ಚೀಫೋ ಹುಡುಕುತ್ತಾರೆ. ನನಗೆ ಮಾತ್ರ ಒಂದು ಲೋಟ ಕಾಫಿ ಕುಡಿಯಬೇಕು ಅನ್ನಿಸುತ್ತದೆ. ಇದನ್ನು ಹೇಳಿದರೆ ಮನೆಯವರೆಲ್ಲ ನಗುತ್ತಾರೆ, ನಗಲಿ. ಕಳೆದ ತಿಂಗಳು ನೂರ್ ಆಪಾಳನ್ನು ನೋಡಿಕೊಂಡು ಬರೋಣವೆಂದು ರಾಮನಗರಕ್ಕೆ ಹೋಗಿದ್ದೆ. ಅವಳ ಬೀದಿಗೆ ತಿರುಗಿದ್ದೇ ತಡ, ಯಾರದೋ ಮನೆಯ ಹಿಂದಿನಿಂದ ಆ ವಾಸನೆ ಬಂತು. ಇನ್ನೂ ಒಂದೆರಡು ಕಡೆ ಗೂಡು ಬೇಯಿಸುವ ಬಾಣಲೆ ಉರಿಯುತ್ತಿದೆ ಎಂದಾಯಿತು. ನಿಂತಲ್ಲೇ ನಿಂತೆ. ಕೈಯಲ್ಲಿದ್ದ ಬುಟ್ಟಿಯಲ್ಲಿ ಒಂದು ಸಣ್ಣ ಗಂಟು ಇತ್ತು. ಆ ಗಂಟಿಗೂ ಈ ವಾಸನೆಗೂ ನಂಟು ಬಿದ್ದದ್ದು ಒಂದೇ ಒಂದು ವರ್ಷದಲ್ಲಿ. ಅದನ್ನೇ ಹೇಳುತ್ತೇನೆ.

ಆಗ ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಬಿಡದಿ ಕಡೆ ಹೋದರೆ ಪ್ರತಿ ಸಲವೂ ಒಂದು ಹೊಸ ಕಾಂಪೌಂಡು ಎದ್ದಿರುತ್ತಿತ್ತು. ಹೋದ ವರ್ಷ ರಾಗಿ ಇದ್ದ ಹೊಲದಲ್ಲಿ ಈ ವರ್ಷ ಫ್ಯಾಕ್ಟರಿ ಗೇಟು, ಗೇಟಿನ ಮುಂದೆ ಕೆಲಸ ಕೇಳಿಕೊಂಡು ನಿಂತವರ ಸಾಲು. ನಮ್ಮ ಯಜಮಾನರು ಅಂಥದೊಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ನನ್ನದು ರಾಮನಗರದ ಹಳೆ ಬೀದಿಯಲ್ಲಿ ಒಂದು ಕಾಫಿ ಪುಡಿ ಅಂಗಡಿ. ಒಂದು ಹುರಿಯುವ ಡ್ರಮ್ಮು, ಒಂದು ಗ್ರೈಂಡರು, ಒಂದು ತಕ್ಕಡಿ, ಜೊತೆಗೆ ನನ್ನ ಬಾಯಿ. "ಜಯಮ್ಮನ ಅಂಗಡಿ ಪುಡಿಗಿಂತ ಜಯಮ್ಮನ ಮಾತೇ ಸ್ಟ್ರಾಂಗು" ಎಂದು ಎದುರಿನ ಟೈಲರ್ ಗಿರಾಕಿಗಳಿಗೆ ಹೇಳುತ್ತಿದ್ದ. ನನಗೆ ಕೋಪ ಬೇಗ ಬರುತ್ತದೆ, ಅಷ್ಟೇ ಬೇಗ ಹೋಗುತ್ತದೆ. ಹೋಗುವುದರೊಳಗೆ ಆಡಬಾರದ್ದನ್ನೆಲ್ಲ ಆಡಿ ಮುಗಿದಿರುತ್ತದೆ, ಅದೇ ತೊಂದರೆ.

ನೂರ್ ಆಪಾ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವಳ ಮನೆಯಲ್ಲಿ ಮೂರು ತಲೆಮಾರು ರೇಷ್ಮೆ ಬಿಚ್ಚಿದವರು. ಬೆಳಿಗ್ಗೆ ಮಾರ್ಕೆಟ್ಟಿನಿಂದ ಗೂಡು ತರುವುದು, ಬಿಸಿ ನೀರಿನಲ್ಲಿ ಬೇಯಿಸುವುದು, ಬೆಂದ ಗೂಡಿನಿಂದ ಎಳೆ ಹಿಡಿದು ಚರಕಕ್ಕೆ ಕೊಡುವುದು. ಚೀನಾದ ನೂಲು ಬಂದು ದರ ಬಿದ್ದಾಗ ಅವರ ಬಾಣಲೆ ಆರಿಹೋಯಿತು. ಗಂಡ ಚನ್ನಪಟ್ಟಣಕ್ಕೆ ಹೋಗಿ ಬೊಂಬೆಗಳಿಗೆ ಬಣ್ಣ ಹಾಕುವ ಕೆಲಸ ಹಿಡಿದರು. ಆಪಾ ನನ್ನ ಅಂಗಡಿಗೆ ಬೀಜ ಆರಿಸಲು ಬಂದಳು. ಬಿಸಿ ನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಬಿಳಿಚಿಕೊಂಡು ದಪ್ಪಗಾಗಿದ್ದವು. ಹಬೆಯೇಳುವ ಪಾತ್ರೆಯನ್ನು ಬಟ್ಟೆಯಿಲ್ಲದೆ ಹಿಡಿದು ಇಳಿಸುತ್ತಿದ್ದಳು. ಆದರೆ ಅದೇ ಬೆರಳಿಗೆ ಕೂದಲೆಳೆಯಷ್ಟು ವ್ಯತ್ಯಾಸವೂ ತಿಳಿಯುತ್ತಿತ್ತು. ಮೊರದಲ್ಲಿ ಬೀಜ ಹರವಿ ಕಣ್ಣು ಮುಚ್ಚಿಕೊಂಡೇ ಕೆಟ್ಟದ್ದನ್ನು ಆಚೆಗೆ ತಳ್ಳಬಲ್ಲಳು.

ಸಿದ್ದೇಗೌಡರು ನಮ್ಮ ಬೀದಿಗೆ ಬಂದದ್ದು ಜೇನು ಮತ್ತು ಸೀಗೆಕಾಯಿ ಮಾರಿಕೊಂಡು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಕಾಡಿನ ನಡುವೆ ಮೂವತ್ತು ಚಿಲ್ಲರೆ ಗುಡಿಸಲುಗಳ ಅವರ ಊರಿಗೆ ಪೋಡು ಎನ್ನುತ್ತಾರೆ. ನನ್ನ ಅಂಗಡಿಯ ಮುಂದೆ ಬಂದವರು ಮೂಗನ್ನು ಮೇಲೆತ್ತಿ ನಿಂತರು.

"ಇದು ಸುಟ್ಟ ವಾಸ್ನ ಕನವ್ವ. ಒಸಿ ಬೇಗ ಇಳಿಸ್ಬೇಕಾಗಿತ್ತು" ಅಂದರು.

ಅಂಗಡಿಯವಳಿಗೇ ಪಾಠ ಹೇಳುತ್ತಾರಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಜೋಳಿಗೆಯಿಂದ ಒಂದು ಹಿಡಿ ಕಾಫಿ ಬೀಜ ತೆಗೆದು ತಕ್ಕಡಿಯ ತಟ್ಟೆಗೆ ಸುರಿದರು. ಅವರ ಪೋಡಿನ ಸುತ್ತ ದೊಡ್ಡ ಮರಗಳ ನೆರಳಿನಲ್ಲಿ ಬೆಳೆದದ್ದಂತೆ. ಗೊಬ್ಬರವಿಲ್ಲ, ಔಷಧಿಯಿಲ್ಲ, ಉದುರಿದ ಎಲೆಯೇ ಆಹಾರ. ಹುರಿದು ನೋಡಿದೆ. ಆಪಾ ಮತ್ತು ನಾನು ಒಂದೊಂದು ಲೋಟ ಕುಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟು ದಿನ ನಾನು ಚಿಕೋರಿ ಸುರಿದು ಮಾರುತ್ತಿದ್ದುದನ್ನು ಕಾಫಿ ಎಂದು ಕರೆಯಲು ನಾಚಿಕೆಯಾಯಿತು.

ಅವರ ಕಾಫಿಯನ್ನು ಆಗ ಕೊಳ್ಳುತ್ತಿದ್ದವನು ಬೆಟ್ಟದ ಕೆಳಗಿನ ಒಬ್ಬ ಸಾಹುಕಾರ. ಗಿಡದಲ್ಲಿ ಹೂ ಇರುವಾಗಲೇ ಬಂದು ಇಷ್ಟು ಎಂದು ಹೇಳಿ ಹೋಗುವನಂತೆ, ಹಣ್ಣಾದಾಗ ಅವನ ಆಳುಗಳೇ ಬಂದು ಕಿತ್ತುಕೊಂಡು ಹೋಗುತ್ತಿದ್ದರಂತೆ, ಹೋದ ವರ್ಷ ಮಾತ್ರ ಪೋಡಿನವರು ತಾವೇ ಕೊಯ್ದು ಕೊಟ್ಟಿದ್ದರಂತೆ. ಇತ್ತೀಚೆಗೆ ಅವನು ಔಷಧಿ ಹೊಡೆಯಬೇಕೆಂದು ಹಟ ಹಿಡಿದಿದ್ದ. ಪೋಡಿನವರು ಒಪ್ಪಿರಲಿಲ್ಲ. "ಔಸ್ದಿ ಹೊಡುದ್ರೆ ಜೇನು ಸಾಯ್ತವ. ಜೇನು ಸತ್ರೆ ನಾವು ಅಲ್ಲಿದ್ದು ಏನ್ ಮಾಡವ?" ಎಂದರು ಸಿದ್ದೇಗೌಡರು. ಬೇರೆ ಕೊಳ್ಳುವವರು ಸಿಕ್ಕರೆ ಬಚಾವು, ಸಿಗದಿದ್ದರೆ ಸಾಹುಕಾರನ ಔಷಧಿಯ ಡಬ್ಬ ಬೆಟ್ಟ ಹತ್ತುತ್ತದೆ, ಇದು ಅವರ ಪರಿಸ್ಥಿತಿ.

ನಾನು ಒಂದು ಪೊಟ್ಟಣ ಪುಡಿ ಕಟ್ಟಿ ಯಜಮಾನರ ಕೈಯಲ್ಲಿ ಅವರ ಫ್ಯಾಕ್ಟರಿಯ ಕ್ಯಾಂಟೀನಿಗೆ ಕಳಿಸಿದೆ. ಕ್ಯಾಂಟೀನ್ ಮ್ಯಾನೇಜರ್ ಪಾಲ್ಘಾಟಿನ ಕಡೆಯವರು, ಕಾಫಿಯ ವಿಷಯದಲ್ಲಿ ಬಲು ಶಿಸ್ತು. ಒಂದು ವಾರದಲ್ಲಿ ಹೇಳಿ ಕಳಿಸಿದರು. ಜನವರಿಯಿಂದ ಮೂರು ಶಿಫ್ಟಿಗೂ ನಿಮ್ಮದೇ ಪುಡಿ, ಬೇರೆ ಯಾವುದನ್ನೂ ಬೆರೆಸಬಾರದು. ಕ್ಯಾಂಟೀನಿನ ಗೋಡೆಗೆ 'ಬೆಟ್ಟದ ಸೋಲಿಗರು ಔಷಧಿಯಿಲ್ಲದೆ ಬೆಳೆದ ಕಾಫಿ' ಎಂದು ಬೋರ್ಡು ಬರೆಸಿದರು. ಸಿದ್ದೇಗೌಡರನ್ನು ಒಮ್ಮೆ ಕರೆದುಕೊಂಡು ಹೋಗಿ ಆ ಬೋರ್ಡು ತೋರಿಸಿದೆ. ಓದಿಸಿಕೊಂಡು, ಸೋಲಿಗರು ಎಂಬ ಪದದ ಮೇಲೆ ಒಮ್ಮೆ ಕೈಯಾಡಿಸಿದರು. ಆ ವರ್ಷ ಪೋಡಿನವರು ಸಾಹುಕಾರನನ್ನು ಗಿಡದ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಜನವರಿಯಲ್ಲಿ ಮೊದಲ ಮೂಟೆಗಳು ಬಂದವು. ಸಂಕ್ರಾಂತಿಯ ಮಾರನೆಯ ದಿನದಿಂದ ಕ್ಯಾಂಟೀನಿಗೆ ಪುಡಿ ಕೊಡಬೇಕು, ಬಂದದ್ದು ಹಬ್ಬಕ್ಕೆ ಎರಡು ದಿನ ಮುಂಚೆ. ಮೇಲಿನ ಒಂದು ಹಿಡಿ ತೆಗೆದು ನೋಡಿದೆ, ಚೆನ್ನಾಗಿತ್ತು.

"ಜಯಮ್ಮ, ಒಂದು ಮೂಟೆನಾದ್ರೂ ಮೊರಕ್ಕೆ ಹಾಕ್ತೀನಿ ತಡಿ" ಅಂದಳು ಆಪಾ.

"ಟೈಮ್ ಎಲ್ಲೈತೆ ಆಪಾ? ಹಬ್ಬದ ದಿನ ಕೂತ್ಕೊಂಡು ಆರಿಸ್ತೀಯಾ? ಡ್ರಮ್ಮಿಗೆ ಸುರಿ" ಅಂದೆ.

ಅವಳು ಸುರಿದಳು. ನಾನು ಹುರಿದೆ, ಪುಡಿ ಮಾಡಿದೆ, ಯಜಮಾನರ ಸ್ಕೂಟರಿನ ಮೇಲೆ ಕಳಿಸಿದೆ. ನಾಲ್ಕನೆಯ ದಿನ ಕ್ಯಾಂಟೀನಿನಿಂದ ಕರೆ ಬಂತು. ಹೋದೆ. ಮ್ಯಾನೇಜರ್ ಒಂದು ಲೋಟ ಮುಂದಿಟ್ಟರು. ಕುಡಿದೆ. ಮಣ್ಣು ನೆನೆದ ಗೋಣಿಚೀಲ ಬಾಯಿಗೆ ಇಟ್ಟ ಹಾಗಿತ್ತು. ಮೊದಲ ಶಿಫ್ಟಿನ ಹುಡುಗರು ಲೋಟಗಳನ್ನು ಹಾಗೆಯೇ ಬಿಟ್ಟು ಎದ್ದು ಹೋಗಿದ್ದರಂತೆ. ಬೋರ್ಡಿನ ಕೆಳಗೆ ಯಾರೋ ಸೀಮೆಸುಣ್ಣದಲ್ಲಿ 'ಔಷಧಿ ಹೊಡೆದಿದ್ದರೇ ವಾಸಿ' ಎಂದು ಬರೆದಿದ್ದರು.

ಅಂಗಡಿಗೆ ಬಂದು ಉಳಿದ ಮೂಟೆಗಳನ್ನು ನೆಲಕ್ಕೆ ಸುರಿಸಿದೆ. ಆಪಾ ಒಂದು ಬೀಜ ಎತ್ತಿ ಬೆಳಕಿಗೆ ಹಿಡಿದಳು. ಗುಂಡುಸೂಜಿ ಚುಚ್ಚಿದಂತೆ ಒಂದು ತೂತು. ಇನ್ನೊಂದು ಎತ್ತಿದಳು, ಅದರಲ್ಲೂ ತೂತು. ಮೂಟೆಯ ಅಡಿಗೆ ಹೋದಷ್ಟೂ ತೂತಿನ ಬೀಜವೇ ಹೆಚ್ಚು. ಕಾಯಿಕೊರಕ ಎನ್ನುವ ಹುಳ ಅದು, ಹಣ್ಣಿನೊಳಗೆ ಹೊಕ್ಕು ಬೀಜವನ್ನೇ ತಿಂದು ಮರಿ ಹಾಕುತ್ತದೆ. ಹೆಸರು ಕೇಳಿ ಗೊತ್ತಿತ್ತು, ಇಷ್ಟನ್ನು ಒಟ್ಟಿಗೆ ಕಂಡಿರಲಿಲ್ಲ. ಮೇಲೆ ಒಳ್ಳೆಯದು, ಕೆಳಗೆ ಹಾಳು. ನನಗೆ ಅನ್ನಿಸಿದ್ದು ಒಂದೇ: ಮೋಸ.

ಎರಡನೆಯ ಕಂತಿನ ಮೂಟೆಗಳನ್ನು ಇಳಿಸಲು ಸಿದ್ದೇಗೌಡರು ಬಂದದ್ದು ಅದೇ ವಾರ. ಬೀದಿಯಲ್ಲೇ ಶುರು ಮಾಡಿದೆ. ಯಾವತ್ತೂ 'ನೀವು' ಎನ್ನುತ್ತಿದ್ದವಳು ಆವತ್ತು 'ನೀನು' ಎಂದೆ.

"ಮೇಲ್ಗಡೆ ಒಳ್ಳೇದು ಹಾಕಿ ತಳಕ್ಕೆ ಕಸ ತುಂಬಿದ್ದೀಯಲ್ಲ, ಇದೇನಾ ನಿಮ್ಮ ಬೆಟ್ಟದೋರ ನ್ಯಾಯ? ಸಾಹುಕಾರನಿಗೆ ಮಾಡೋ ಆಟ ನನ್ಹತ್ರ ಮಾಡ್ತೀಯಾ? ಕಾಡಿನೋರು ಅಂತ ನಂಬಿದ್ನಲ್ಲ, ನನ್ನ ಬುದ್ಧಿಗಿಷ್ಟು!"

ಟೈಲರ್ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದ. ಬೀದಿಯ ಹೆಂಗಸರು ಬಾಗಿಲಿಗೆ ಬಂದರು. ಸಿದ್ದೇಗೌಡರು ಹೆಗಲ ಮೇಲಿದ್ದ ಮೂಟೆಯನ್ನು ಇಳಿಸಲೂ ಇಲ್ಲ, ಒಳಗೆ ಬರಲೂ ಇಲ್ಲ, ಹಾಗೆಯೇ ನಿಂತಿದ್ದರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಇಷ್ಟೇ ಅಂದರು:

"ಮೋಸ ಮಾಡಿಲ್ಲ ಕನವ್ವ. ನೀವೇ ಒಂದ್ಸಲ ಬಂದು ಗಿಡ ನೋಡಿ."

ಮೂಟೆ ಇಳಿಸಿ, ಜೋಳಿಗೆ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ನಾನು ಕೊಡುವ ಕಾಫಿಯನ್ನು ಕುಡಿಯದೆ ಅವರು ಹೋದದ್ದು ಅದೇ ಮೊದಲು.

ಆಪಾ ಸಂಜೆಯವರೆಗೂ ಆ ಹಾಳು ಬೀಜವನ್ನೇ ಆರಿಸುತ್ತ ಕೂತಿದ್ದಳು. ಕೊನೆಗೆ ಮೊರ ಕೆಳಗಿಟ್ಟು, "ಆರಿಸ್ತೀನಿ ಅಂದೆ, ನೀನು ಬೇಡ ಅಂದೆ. ಅವನ್ಯಾಕೆ ಬೈಸ್ಕೊಂಡ?" ಎಂದಳು. ತಪ್ಪು ನನ್ನದೂ ಇತ್ತು, ಬಹುಶಃ ನನ್ನದೇ ಹೆಚ್ಚಿತ್ತು. ಆದರೂ ಆವತ್ತು ಒಪ್ಪಿಕೊಳ್ಳುವ ಜಾಯಮಾನ ನನ್ನದಾಗಿರಲಿಲ್ಲ.

ಮ್ಯಾನೇಜರ್ ಹದಿನೈದು ದಿನ ಕೊಟ್ಟರು. ಆಪಾ ಕೋಡಿಹಳ್ಳಿಯಿಂದ ನನ್ನ ಇಬ್ಬರು ನಾದಿನಿಯರನ್ನು ಕರೆಸಲು ಹೇಳಿದಳು. ನಾಲ್ಕು ಮೊರ, ನಾಲ್ಕು ಜನ. ಬೆಳಿಗ್ಗೆ ಕೂತರೆ ಬಿಸಿಲು ಇಳಿಯುವವರೆಗೆ ಒಂದೊಂದೇ ಬೀಜವನ್ನು ತಿರುಗಿಸಿ ನೋಡುವುದು. ಬೆನ್ನು ಬಿಲ್ಲಾಯಿತು. ಅರ್ಧಕ್ಕರ್ಧ ಆಚೆ ಹೋಯಿತು, ಉಳಿದದ್ದನ್ನು ಹುರಿದು ಕೊಟ್ಟೆವು. ಮ್ಯಾನೇಜರ್ ಕುಡಿದು ತಲೆಯಾಡಿಸಿ, "ಈ ವರ್ಷ ಇದರಲ್ಲೇ ನಡೆಸಿ. ಮುಂದಿನ ಜನವರಿ ಮೂಟೆಯಲ್ಲಿ ಹೀಗೇ ತೂತು ಕಂಡರೆ ನನ್ನ ಹತ್ತಿರ ಬರಬೇಡಿ" ಎಂದರು.

ಅಷ್ಟರಲ್ಲಿ ಸಾಹುಕಾರನ ಸುದ್ದಿ ಬಂತು. ರಾಮನಗರಕ್ಕೆ ಕೆಟ್ಟ ಬೀಜ ಹೋಗಿದೆ ಎಂಬುದು ಅವನಿಗೆ ಹೇಗೋ ತಿಳಿದು, ಬೆಟ್ಟ ಹತ್ತಿ ಹೋಗಿ, "ನೋಡಿದ್ರಾ? ಈಗಲಾದ್ರೂ ಔಷಧಿ ಹೊಡೆಸ್ಕೊಳಿ, ನಾನೇ ಹೊಡೆಸ್ತೀನಿ, ಹಣ್ಣು ನನಗೇ ಕೊಡಿ" ಎಂದು ಹೇಳಿ ಬಂದಿದ್ದಾನಂತೆ. ಕೊಳ್ಳೇಗಾಲದ ಬಸ್ಸಿನ ಕಂಡಕ್ಟರು ಅಂಗಡಿಯಲ್ಲಿ ಕಾಫಿ ಕುಡಿಯುತ್ತ ಇದನ್ನು ಹೇಳಿದ. ಬೀದಿಯಲ್ಲಿ ನಿಂತು ನಾನು ಕೂಗಿದ್ದು ಸಾಹುಕಾರನಿಗೆ ಬಾಗಿಲು ತೆರೆದಂತಾಗಿತ್ತು.

"ಆಪಾ, ಬೆಟ್ಟಕ್ಕೆ ಹೋಗ್ತೀನಿ" ಅಂದೆ.

"ನಾನೂ ಬತ್ತೀನಿ. ನೀನು ಒಬ್ಳೇ ಹೋದ್ರೆ ಅಲ್ಲೂ ಬೈದು ಬತ್ತೀಯ" ಅಂದಳು.

ಫೆಬ್ರವರಿಯ ಒಂದು ಬೆಳಿಗ್ಗೆ ಹೊರಟೆವು. ಕನಕಪುರದಲ್ಲಿ ಬಸ್ಸು ಬದಲಿಸಿ, ಸಾತನೂರು, ಮಳವಳ್ಳಿ ದಾಟಿ ಕೊಳ್ಳೇಗಾಲ, ಅಲ್ಲಿಂದ ಯಳಂದೂರು, ಅಲ್ಲಿಂದ ಬೆಟ್ಟದ ಬಸ್ಸು. ತಿರುವುಗಳಲ್ಲಿ ಆಪಾಳಿಗೆ ತಲೆ ತಿರುಗಿ, ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂತಿದ್ದಳು. ಕೆಳಗೆ ಬಿಸಿಲು ಸುಡುತ್ತಿತ್ತು, ಮೇಲೆ ಬಸ್ಸಿಳಿದಾಗ ಶಾಲು ಬೇಕೆನಿಸಿತು. ಸಿದ್ದೇಗೌಡರು ರಸ್ತೆಗೇ ಬಂದು ನಿಂತಿದ್ದರು, ಕಂಡಕ್ಟರ ಮೂಲಕ ಹೇಳಿ ಕಳಿಸಿದ್ದೆ. "ಬನ್ನಿ" ಅಂದರು, ಅಷ್ಟೇ. ಮೊದಲಿನ ಸಲಿಗೆ ಇರಲಿಲ್ಲ. ಆ ದಿನ ಪೋಡಿನಲ್ಲಿ ಅವರ ಅತ್ತೆ ಕೇತಮ್ಮಜ್ಜಿಯ ಗುಡಿಸಲಿನಲ್ಲಿ ಉಳಿದೆವು. ಅಜ್ಜಿ ರಾಗಿಮುದ್ದೆ, ಕಾಡುಸೊಪ್ಪಿನ ಸಾರು ಬಡಿಸಿ ಎದುರಿಗೇ ಕೂತು ನಾವು ತಿನ್ನುವುದನ್ನು ನೋಡಿದಳು.

ಮಾರನೆಯ ಬೆಳಿಗ್ಗೆ ತೋಟಕ್ಕೆ ಹೋದೆವು. ತೋಟವೆಂದರೆ ಕಾಡೇ. ಎತ್ತರದ ಮರಗಳು, ಅವುಗಳ ಕೆಳಗೆ ಕಾಫಿ ಗಿಡ, ಕಾಲಿಗೆ ಮೆತ್ತಗೆ ಎಲೆಯ ಹಾಸು. ಕೊಯ್ಲು ಮುಗಿದಿತ್ತು. ಆದರೆ ನಾನು ನೋಡಿದ ಪ್ರತಿಯೊಂದು ಗಿಡದ ತುದಿಯಲ್ಲೂ ಎರಡು ಮೂರು ರೆಂಬೆ ಕೀಳದೆ ಬಿಟ್ಟಿದ್ದರು. ಹಣ್ಣು ಒಣಗಿ ಕಪ್ಪಾಗಿ ಗಿಡದಲ್ಲೇ ನೇತಾಡುತ್ತಿತ್ತು.

"ಇದ್ಯಾಕೆ ಬಿಟ್ಟಿದ್ದೀರಿ? ಕೈಗೆ ಎಟುಕಲಿಲ್ವಾ?" ಅಂದೆ.

ಕೇತಮ್ಮಜ್ಜಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಪಾಲು ಅಲ್ವಾ ಮಗಾ? ಗೆಣಸು ಕಿತ್ರೆ ಬಳ್ಳಿ ತಲೆಯ ತಿರ್ಗಾ ಮಣ್ಗೆ ಮಡಗ್ತೀವಿ. ಜೇನು ಕಿತ್ರೆ ಒಸಿ ಅಲ್ಲೇ ಬುಡ್ತೀವಿ. ಕಾಪಿ ಗಿಡಕ್ಕ ಬ್ಯಾರೆ ಕಾನೂನಾ? ಹಕ್ಕಿಗ ಬೇಡ್ವಾ, ಕಾಡ್ಗ ಬೇಡ್ವಾ?"

ಆಪಾ ಒಂದು ಒಣ ಹಣ್ಣು ಕಿತ್ತು ಉಗುರಿನಿಂದ ಸೀಳಿದಳು. ಒಳಗಿಂದ ಸಾಸಿವೆ ಕಾಳಿಗಿಂತ ಸಣ್ಣದೊಂದು ಕರಿ ಹುಳ ಹೊರಬಂದು ಅವಳ ಬೆರಳ ಮೇಲೆ ಹರಿಯಿತು. ಇನ್ನೊಂದು ಸೀಳಿದಳು, ಅದರಲ್ಲಿ ಮೂರು. ನನಗೆ ಆಗ ಅರ್ಥವಾಯಿತು. ಸಾಹುಕಾರನ ಆಳುಗಳು ಕೊಯ್ಯುತ್ತಿದ್ದಾಗ ಒಂದು ಹಣ್ಣೂ ಉಳಿಯುತ್ತಿರಲಿಲ್ಲ. ಎರಡು ವರ್ಷದಿಂದ ಇವರು ತಾವೇ ಕೊಯ್ಯಲು ಹಟ ಮಾಡಿ ಶುರುಮಾಡಿದ್ದರು, ತಾವೇ ಕೊಯ್ದಾಗ ತಮ್ಮ ಪದ್ಧತಿಯಂತೆ ಪಾಲು ಬಿಟ್ಟರು. ಬಿಟ್ಟ ಪಾಲಿನಲ್ಲಿ ಹುಳ ಮನೆ ಮಾಡಿ, ಮುಂದಿನ ಹಣ್ಣಿಗೆ ಹತ್ತಿತು. ಮೋಸ ಮಾಡಲು ಯಾರೂ ಮೂಟೆ ತುಂಬಿರಲಿಲ್ಲ. ಎಲ್ಲರ ಬೀಜವನ್ನೂ ಒಟ್ಟಿಗೆ ತುಂಬುವಾಗ ಹೆಚ್ಚು ಪಾಲು ಬಿಟ್ಟವರದು ಅಡಿಗೆ ಬಿದ್ದಿತ್ತು, ಅಷ್ಟೆ. ನನ್ನ ಮುಖಕ್ಕೆ ಯಾರೋ ಬಿಸಿ ನೀರು ಎರಚಿದ ಹಾಗಾಯಿತು.

ಮರದ ಕೆಳಗೆ ಪೋಡಿನವರೆಲ್ಲ ಸೇರಿದರು. ಹುಳ ಎಲ್ಲಿಂದ ಬರುತ್ತಿದೆ ಎಂದು ನಾನು ಹೇಳಿದೆ, ಒಂದು ಹಣ್ಣನ್ನೂ ಗಿಡದಲ್ಲಿ ಬಿಡಬಾರದು ಎಂದೆ. ಸಿದ್ದೇಗೌಡರು ನೆಲ ನೋಡುತ್ತಿದ್ದರು. ಕೇತಮ್ಮಜ್ಜಿ ಎದ್ದು ನಿಂತಳು.

"ಔಸ್ದಿ ಹೊಡುದ್ರೆ ಜೇನು ಸಾಯ್ತದ. ಪಾಲು ಬುಡದೆ ಇದ್ರೆ ನಾವು ಯಾರು ಅಂತಲೇ ಮರ್ತೋಯ್ತದ. ಎರಡೂ ಆಗಲ್ಲ. ಸಾವ್ಕಾರಂಗೂ ಬೇಡ, ನಿಂಗೂ ಬೇಡ, ಹಣ್ಣು ಗಿಡದಲ್ಲೇ ಉದುರೋಗ್ಲಿ ಬುಡು."

ಅಜ್ಜಿ ಹೇಳಿದ ಮೇಲೆ ಮುಗಿಯಿತು ಎನ್ನುವುದು ಎಲ್ಲರ ಮುಖದಲ್ಲೂ ಕಾಣುತ್ತಿತ್ತು. ಒಂದಿಡೀ ವರ್ಷದ ದುಡಿಮೆ, ಆ ಬೋರ್ಡು, ಎಲ್ಲ ಅಲ್ಲಿಗೇ ನಿಂತಿತು. ಆಗ ಆಪಾ ತನ್ನ ಎರಡೂ ಕೈಗಳನ್ನು ಅಜ್ಜಿಯ ಮುಂದೆ ಚಾಚಿದಳು.

"ಅಜ್ಜಿ, ಈ ಬೆರಳು ನೋಡು. ಯಾಕೆ ಹಿಂಗಾಗೈತೆ ಗೊತ್ತಾ?"

ಅಜ್ಜಿ ಬೆರಳುಗಳನ್ನು ಹಿಡಿದು ಒತ್ತಿ ನೋಡಿದಳು. "ಬೆಂದವ" ಎಂದಳು.

"ಹೌದು. ರೇಷ್ಮೆ ಗೂಡು ಬೇಯ್ಸಿ ಬೇಯ್ಸಿ. ಗೂಡಿನೊಳ್ಗೆ ಹುಳ ಇರ್ತದೆ. ಅದು ಚಿಟ್ಟೆ ಆಗಿ, ಗೂಡು ತೂತು ಮಾಡ್ಕೊಂಡು ಈಚೆಗೆ ಬಂದ್ಬುಟ್ರೆ ನೂಲು ತುಂಡು ತುಂಡು, ಯಾತಕ್ಕೂ ಬರಲ್ಲ. ಅದ್ಕೆ ಈಚೆಗೆ ಬರೋ ಮುಂಚೇನೇ ಬಿಸಿ ನೀರಿಗೆ ಹಾಕ್ಬುಡ್ತೀವಿ. ನೀವೂ ಹಂಗೇ ಮಾಡಿ. ಪಾಲು ಬುಡಬೇಡಿ ಅಂತ ನಾನು ಹೇಳಲ್ಲ. ಗಿಡದ ಮೇಲೆ ಬುಡಬೇಡಿ ಅಷ್ಟೇ. ಗಿಡದಾಗಿರೋದು, ಉದುರಿರೋದು ಎಲ್ಲಾ ಆರಿಸ್ಕೊಳ್ಳಿ. ನಿಮ್ಮ ಪಾಲಿನ ಹಣ್ಣನ್ನ ಕುದಿಯೋ ನೀರಲ್ಲಿ ಅದ್ದಿ, ಬಂಡೆ ಮೇಲೆ ಇಡಿ. ಹುಳ ಸಾಯ್ತದೆ, ಪಾಲು ಉಳೀತದೆ."

ಅಜ್ಜಿ ಅವಳ ಬೆರಳು ಬಿಟ್ಟಿರಲಿಲ್ಲ. "ನೀವು ಎಲ್ಲಾ ಗೂಡ್ನೂ ಬೇಯ್ಸ್ಬುಡ್ತೀರಾ?" ಎಂದು ಕೇಳಿದಳು.

"ಅಯ್ಯೋ ಅಲ್ಲಾ! ಎಲ್ಲಾ ಬೇಯ್ಸಿದ್ರೆ ಮುಂದಿನ ಬೆಳೆಗೆ ಮೊಟ್ಟೆ ಎಲ್ಲಿಂದ ಬತ್ತದೆ? ಮಾಗಡಿ ಕಡೆ ಬಿತ್ತನೆ ಗೂಡು ಅಂತಲೇ ಬೆಳೀತಾರೆ. ಅದನ್ನ ಯಾರೂ ಬೇಯ್ಸಂಗಿಲ್ಲ, ಚಿಟ್ಟೆ ಈಚೆಗೆ ಬರ್ಲಿ ಅಂತಲೇ ಬುಡ್ತಾರೆ."

"ಹಂಗಾರೆ ನೀವೂ ಪಾಲು ಬುಡೋರೆಯಾ" ಎಂದಳು ಅಜ್ಜಿ. ಮುಖ ಸಡಿಲವಾಯಿತು.

ಹಿಂದೆ ನಿಂತಿದ್ದವನೊಬ್ಬ, "ಬೇಯ್ಸಿದ್ನ ಹಕ್ಕಿ ತಿಂದವಾ ಅಜ್ಜಿ?" ಎಂದ.

ಅಜ್ಜಿ ತಿರುಗಿ ನೋಡಿದಳು. "ಮನೆಗೆ ನೆಂಟ್ರು ಬಂದ್ರೆ ಹಸಿ ಅಕ್ಕಿ ಇಕ್ತೀಯೇನ್ಲಾ? ಬೇಯ್ಸೇ ತಾನೆ ಇಕ್ಕೋದು? ತಿಂದ್ರೆ ತಿನ್ಲಿ, ಬುಟ್ರೆ ಬುಡ್ಲಿ, ಅದು ಅವುಗಳಿಷ್ಟ. ಇಡೋದು ನಮ್ಮ ಕೆಲ್ಸ."

ನಗು ಎದ್ದಿತು. ಆ ನಗುವಿನಲ್ಲೇ ತೀರ್ಮಾನವಾಯಿತು.

ಮೂರು ದಿನ ಅಲ್ಲೇ ಉಳಿದೆವು. ಪೋಡಿನ ಗಂಡಸರು, ಹೆಂಗಸರು ಎಲ್ಲ ಸೇರಿ ಗಿಡ ಗಿಡಕ್ಕೂ ಹೋಗಿ ಬಿಟ್ಟಿದ್ದ ಹಣ್ಣು ಕಿತ್ತರು, ಎಲೆಯ ಹಾಸಿನಲ್ಲಿ ಕೈಯಾಡಿಸಿ ಉದುರಿದ್ದನ್ನು ಹೆಕ್ಕಿದರು. ಮೂರು ಕಲ್ಲು ಹೂಡಿ ದೊಡ್ಡ ಹಂಡೆ ಇಟ್ಟೆವು. ನೀರು ಕುದಿಯಿತೋ ಇಲ್ಲವೋ ಎಂದು ಆಪಾ ಬೆರಳು ಅದ್ದಿ ನೋಡಿದಾಗ ಎಲ್ಲರೂ ಹಾ ಎಂದರು. ಬಿದಿರ ಬುಟ್ಟಿಯಲ್ಲಿ ಹಣ್ಣು ತುಂಬಿ ನೀರಿಗೆ ಇಳಿಸುವುದು, ನೂರರವರೆಗೆ ಎಣಿಸುವುದು, ಎತ್ತುವುದು. ನೀರಿನ ಮೇಲೆ ಕರಿ ಹುಳಗಳು ತೇಲಿದವು. ಹೊಗೆ, ಹಬೆ, ಬೆಂದ ಹಣ್ಣಿನ ಒಗರು ವಾಸನೆ. "ಥೇಟ್ ನಮ್ಮ ಮನೆ ವಾಸ್ನೆ" ಎಂದು ಆಪಾ ಕಣ್ಣೊರೆಸಿಕೊಂಡಳು. ಬಾಣಲೆ ಆರಿದ ಮೇಲೆ ಅವಳು ಅಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿರಲಿಲ್ಲ.

ಕೊನೆಯ ದಿನ ಕೇತಮ್ಮಜ್ಜಿ ಹಾಸುಬಂಡೆಯ ಮೇಲೆ ಪಾಲು ಹಾಕಿದಳು. ಒಂದು ಗುಡ್ಡೆ ಬೆಟ್ಟದ ದೇವರು ರಂಗಪ್ಪನಿಗೆ, ಒಂದು ಹಕ್ಕಿಗೆ, ಒಂದು ನಾಲ್ಕು ಕಾಲಿನವಕ್ಕೆ, ಒಂದು ದಾರಿಯಲ್ಲಿ ಹೋಗುವವರಿಗೆ. ನಾನು ಅಷ್ಟೂ ದಿನ ನುಂಗಿಕೊಂಡಿದ್ದನ್ನು ಅಲ್ಲಿ ಆಡಿದೆ.

"ಸಿದ್ದೇಗೌಡ್ರೇ, ಆವತ್ತು ಬೀದೀಲಿ ನಾನು ಆಡಿದ್ದು ತಪ್ಪು. ಮೋಸ ಅಂದೆ. ಆರಿಸ್ದೆ ಹುರಿದೋಳು ನಾನು."

"ಬುಡಿ ಅವ್ವ" ಅಂದರು ಅವರು.

"ಏನಂದಿದ್ಳು?" ಎಂದಳು ಅಜ್ಜಿ. ಅವರು ಮನೆಯಲ್ಲಿ ಹೇಳಿಯೇ ಇರಲಿಲ್ಲ. ನಾನೇ ಹೇಳಿದೆ, ಒಂದು ಮಾತೂ ಬಿಡದೆ, 'ನೀನು' ಎಂದದ್ದನ್ನೂ ಸೇರಿಸಿ. ಅಜ್ಜಿ ಕೇಳಿ ಮುಗಿಸಿ, ಬುಟ್ಟಿಯ ತಳದಲ್ಲಿ ಉಳಿದಿದ್ದ ಒಂದು ಹಿಡಿ ಹಣ್ಣು ತೆಗೆದು ನನ್ನ ಸೆರಗಿಗೆ ಹಾಕಿದಳು.

"ಇದು ಬೈದವಳ ಪಾಲು. ಬೈದದ್ದಕ್ಕೇ ತಾನೆ ಮೇಲಕ್ಕ ಬಂದೆ?"

ಎಲ್ಲರೂ ನಕ್ಕರು, ಸಿದ್ದೇಗೌಡರೂ ನಕ್ಕರು. ನನಗೆ ಅಳು ಬಂತು. ಬಸ್ಸಿನಲ್ಲಿ ಮಳವಳ್ಳಿಯವರೆಗೂ ಆ ಗಂಟನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಮುಂದೆ ವರ್ಷವಿಡೀ ಕಾಯುವುದೇ ಆಯಿತು. ಏಪ್ರಿಲ್ಲಿನಲ್ಲಿ ಕಾಫಿ ಅರಳಿಸುವ ಹೂವಿನ ಮಳೆ ಸರಿಯಾಗಿ ಬಿತ್ತು ಎಂದು ಕಂಡಕ್ಟರು ಹೇಳಿದ. ಸಾಹುಕಾರ ಮತ್ತೆ ಎರಡು ಸಲ ಬೆಟ್ಟ ಹತ್ತಿ ಇಳಿದನಂತೆ, ಮೂರನೆಯ ಸಲ ಹೋಗಲಿಲ್ಲವಂತೆ. ಇತ್ತ ಬಿಡದಿಯಲ್ಲಿ ಇನ್ನಷ್ಟು ಗೇಟು ಎದ್ದವು, ಬೈರಮಂಗಲದ ಕಡೆ ಕೆರೆ ನೀರು ನೊರೆಯೇಳುತ್ತಿದೆ ಎಂದು ಜನ ಆಡಿಕೊಂಡರು. ಕ್ಯಾಂಟೀನಿನಲ್ಲಿ ಕಾಫಿ ಮೆಷಿನ್ ಮಾರುವವರು ಬಂದು ಹೋಗುತ್ತಿದ್ದಾರೆ ಎಂದು ಯಜಮಾನರು ದಿನಕ್ಕೊಂದು ಸಲ ಹೇಳಿ ನನ್ನ ತಲೆ ತಿಂದರು. ಮ್ಯಾನೇಜರ್ ಬೋರ್ಡು ತೆಗೆಸಿರಲಿಲ್ಲ. ಅದೊಂದೇ ಧೈರ್ಯ.

ಜನವರಿಯಲ್ಲಿ ಮೂಟೆಗಳು ಬಂದವು. ಸಂಕ್ರಾಂತಿಗೆ ಒಂದು ವಾರ ಮುಂಚೆಯೇ ಕಳಿಸಬೇಕೆಂದು ನಾನು ಹೇಳಿದ್ದೆ, ಅವರು ಹೊಸ ವರ್ಷದ ಮೊದಲ ವಾರದಲ್ಲಿ ತಂದರು. ಈ ಸಲ ಡ್ರಮ್ಮಿನ ಹತ್ತಿರ ಯಾರೂ ಹೋಗಲಿಲ್ಲ. ಸಿದ್ದೇಗೌಡರು ಮೂಟೆಯ ಅಡಿಯಿಂದಲೇ ತೆಗೆದು ಮೊರಕ್ಕೆ ಸುರಿದರು. ಆಪಾ ಕಾಲು ಚಾಚಿ ಕೂತಳು. ನಾನು ಕೂತೆ, ಎದ್ದೆ, ಮತ್ತೆ ಕೂತೆ. ಟೈಲರ್ ಕೂಡ ಎದ್ದು ಬಂದು ನಿಂತ. ಆಪಾಳ ಬೆರಳುಗಳು ಮೊರದ ಮೇಲೆ ಓಡಾಡಿದವು. ಒಂದು ಮೊರ ಮುಗಿಯಿತು, ಇನ್ನೊಂದು ಹಾಕಿಸಿದಳು. ಅದೂ ಮುಗಿದ ಮೇಲೆ ಪಕ್ಕಕ್ಕೆ ತಳ್ಳಿದ್ದನ್ನು ಅಂಗೈಯಲ್ಲಿ ಹಾಕಿ ನನಗೆ ತೋರಿಸಿದಳು. ಬೆರಳಲ್ಲಿ ಎಣಿಸುವಷ್ಟಿತ್ತು.

"ಇಷ್ಟೇನಾ?" ಅಂದೆ.

"ಇಷ್ಟೇ. ಇನ್ನೂ ಬೇಕಾದ್ರೆ ನೀನೇ ತೂತು ಮಾಡ್ಕೋ" ಅಂದಳು.

ಸಿದ್ದೇಗೌಡರು ಬಾಗಿಲಿನ ಕಂಬಕ್ಕೆ ಒರಗಿ ಉಸಿರು ಬಿಟ್ಟರು. ಆಮೇಲೆ ಜೋಳಿಗೆಯಿಂದ ಹಳದಿ ಬಟ್ಟೆಯ ಒಂದು ಸಣ್ಣ ಗಂಟು ತೆಗೆದು ನನ್ನ ತಕ್ಕಡಿಯ ಮೇಲೆ ಇಟ್ಟರು. ಬಿಚ್ಚಿದೆ. ಒಂದೊಂದಾಗಿ ಆರಿಸಿದ, ಒಂದೇ ಗಾತ್ರದ ಬೀಜ.

"ಅತ್ತೆ ಕೊಟ್ಟವರೆ. ಬೈದವಳ ಪಾಲಂತೆ."

ಆವತ್ತು ಅವರು ನನ್ನ ಕೈಯ ಕಾಫಿ ಎರಡು ಲೋಟ ಕುಡಿದರು.

ಅದಾದ ಮೇಲೆ ಎಷ್ಟೋ ಆಯಿತು. ಕ್ಯಾಂಟೀನಿಗೆ ಕೊನೆಗೂ ಮೆಷಿನ್ ಬಂತು, ರಸ್ತೆ ಅಗಲವಾಗಿ ನನ್ನ ಅಂಗಡಿ ಹೋಯಿತು, ನಾನು ಕನಕಪುರಕ್ಕೆ ಬಂದು ಸೇರಿದೆ. ಅಷ್ಟರಲ್ಲಿ ಪೋಡಿನವರಿಗೆ ನನ್ನ ಹಂಗು ಬೇಕಿರಲಿಲ್ಲ, ಈಗ ಅವರೇ ಹುರಿದು, ಅವರೇ ಪೊಟ್ಟಣ ಕಟ್ಟಿ ಮಾರುತ್ತಾರೆ. ಸಾಹುಕಾರನ ಡಬ್ಬ ಆ ಬೆಟ್ಟ ಹತ್ತಲೇ ಇಲ್ಲ. ಕೇತಮ್ಮಜ್ಜಿ ತೀರಿಕೊಂಡು ವರ್ಷಗಳಾದವು. ಆದರೂ ಕೊಯ್ಲು ಮುಗಿದ ಮೇಲೆ ಕೊಳ್ಳೇಗಾಲದ ಬಸ್ಸಿನಲ್ಲಿ ಒಂದು ಗಂಟು ನನಗೆ ಬರುತ್ತದೆ, ಈಗ ಅಜ್ಜಿಯ ಮಗಳು ಕಟ್ಟುತ್ತಾಳೆ. ನಾನು ಅದರಲ್ಲಿ ಅರ್ಧ ಆಪಾಳಿಗೆ ಕೊಂಡೊಯ್ಯುತ್ತೇನೆ.

ಕಳೆದ ತಿಂಗಳು ಕೊಂಡೊಯ್ದದ್ದೂ ಅದನ್ನೇ. ಆಪಾಳಿಗೆ ಈಗ ಕಣ್ಣು ಮಂಜು, ಬೆರಳು ಮಡಿಸಲು ಬರುವುದಿಲ್ಲ. ಗಂಟು ಬಿಚ್ಚಿ ತಟ್ಟೆಗೆ ಸುರಿದರೆ, ಅಭ್ಯಾಸ ಎಲ್ಲಿ ಹೋಗುತ್ತದೆ, ತಡವುತ್ತಾ ಕೂತಳು. ಸ್ವಲ್ಪ ಹೊತ್ತಿಗೆ ಒಂದು ಬೀಜವನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದಳು. ಗುಂಡುಸೂಜಿ ಚುಚ್ಚಿದಂತೆ ಒಂದು ತೂತು.

"ಬೈತೀಯಾ?" ಅಂದಳು.

ನಾನು ಬೈಯಲಿಲ್ಲ. ಅದನ್ನು ತೆಗೆದುಕೊಂಡು ಕಿಟಕಿಯಿಂದ ಎಸೆಯಲು ಕೈ ಎತ್ತಿದೆ.

"ಏಯ್, ಹಂಗೇ ಎಸೀಬೇಡ್ವೇ! ಒಲೆ ಮೇಲೆ ನೀರೈತೆ" ಎಂದು ಗದರಿದಳು.

ಕಾಫಿಗೆ ಇಟ್ಟಿದ್ದ ನೀರು ಕುದಿಯುತ್ತಿತ್ತು. ಆ ಒಂದು ಬೀಜವನ್ನು ಸೌಟಿನಲ್ಲಿ ಹಾಕಿ ನೀರಿಗೆ ಇಳಿಸಿದೆ. ಆಪಾ ಕೂತಲ್ಲಿಂದಲೇ ನೂರರವರೆಗೆ ಎಣಿಸಿದಳು, ಮಧ್ಯೆ ಎರಡು ಸಲ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದಳು. ಆಮೇಲೆ ನಾನು ಅದನ್ನು ಹಿತ್ತಲಿನ ಗೋಡೆಯ ಮೇಲೆ ಇಟ್ಟು ಬಂದೆ.